ನೀರಿನಲ್ಲಿ ಬೆಳಕನ್ನು ಕಂಡವರು: ಚಿತ್ರಶಿಲ್ಪಿ ಕೆ. ವೆಂಕಟಪ್ಪನವರ ಜೀವನ ಮತ್ತು ಕಲೆ

ಚಿತ್ರಕಲೆಯ ತರಗತಿಯಲ್ಲಿ ಬಾಲಕರಿಗೆ ಒಂದು ಕೊಳವನ್ನು ಬರೆಯಲು ಹೇಳಿದರೆ ಅವರು ಮೊದಲು ಒಂದು ದುಂಡನೆಯ ಗೆರೆಯನ್ನೆಳೆದು, ಅದರೊಳಗೆ ನೀಲಿಯನ್ನು ತುಂಬುತ್ತಾರೆ. ಇದು ಬಾಲಸಹಜವಾದ ಕ್ರಮ. ಅದಕ್ಕಾಗಿ ಅವರನ್ನು ಆಕ್ಷೇಪಿಸಬೇಕಾದುದಿಲ್ಲ. ಆದರೆ ನೀರು ನೀಲಿಯೆ? ಕಾರಂಜಾ ಜಲಾಶಯದ ದಂಡೆಯ ಮೇಲೆ ಒಂದು ದಿನವೆಲ್ಲ ನಿಂತು ನೋಡಿದವರು ಬಲ್ಲರು. ನಸುಕಿನಲ್ಲಿ ಅದು ಬೂದಿಯ ಬಣ್ಣ. ಹೊತ್ತೇರಿದಂತೆ ಬೆಳ್ಳಿಯ ತಗಡು. ಸಂಜೆ ಕಾಸಿದ ತಾಮ್ರ. ಮೃಗಶಿರೆಯ ಮೋಡ ಕವಿದಾಗ ಸೀಸ. ನೀರಿಗೆ ತನ್ನದೆಂಬ ಬಣ್ಣ ಇಲ್ಲವೆಂದೇ ಹೇಳಬೇಕು. ಅದು ಆಕಾಶವನ್ನೂ ಮರವನ್ನೂ ಹೊತ್ತನ್ನೂ ಗಾಳಿಯನ್ನೂ ತನ್ನೊಳಗೆ ತೆಗೆದುಕೊಂಡು ಮರಳಿ ನಮಗೆ ಕೊಡುತ್ತದೆ. ಆದುದರಿಂದ ನೀರನ್ನು ಬರೆಯಹೊರಟ ಚಿತ್ರಕಾರನು ನಿಜವಾಗಿ ಬರೆಯುವುದು ನೀರನ್ನಲ್ಲ, ಒಂದು ಗಳಿಗೆಯನ್ನು. ಗಳಿಗೆ ನಿಲ್ಲುವುದಿಲ್ಲ, ಚಿತ್ರವಾದರೋ ನಿಲ್ಲಬೇಕು. ಈ ಎರಡರ ನಡುವಿನ ಕಷ್ಟವೇ ನಿಸರ್ಗ ಚಿತ್ರಕಲೆಯ ಮರ್ಮ.

ಈ ಕಷ್ಟವನ್ನು ಕನ್ನಡ ನಾಡಿನಲ್ಲಿ ತಪಸ್ಸಿನಂತೆ ಕೈಗೊಂಡವರು ಚಿತ್ರಶಿಲ್ಪಿ ಕೆ. ವೆಂಕಟಪ್ಪನವರು. ಅವರ ಹೆಸರನ್ನು ಕೇಳದ ವಿದ್ಯಾವಂತರು ಕಡಿಮೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯೇ ಇದೆ. ಆದರೆ ಅವರು ಏನನ್ನು ಸಾಧಿಸಿದರು, ಯಾವ ವಿಧಾನದಿಂದ ಸಾಧಿಸಿದರು, ಅದಕ್ಕಾಗಿ ಏನನ್ನು ತೆತ್ತರು ಎಂಬುದನ್ನು ಬಲ್ಲವರು ವಿರಳ. ಮಕ್ಕಳಿಗೆ ವಿದ್ಯೆಯನ್ನು ಕಲಿಸುವ ಅಧ್ಯಾಪಕರೂ, ಕಲಿತು ಹೋದ ಹಳೆಯ ವಿದ್ಯಾರ್ಥಿಗಳೂ, ವಿದ್ಯೆಗೆ ನೆರಳಾಗಿ ನಿಂತಿರುವ ದಾನಿಗಳೂ ಓದುವ ಈ ಸಂಪುಟದಲ್ಲಿ ಅಂತಹ ಒಂದು ಬಾಳನ್ನು ಸ್ಮರಿಸುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ ಜನಿಸಿದರು. ಅವರದು ಅರಮನೆಯ ಆಶ್ರಯದಲ್ಲಿ ಬೆಳೆದುಬಂದ ಚಿತ್ರಗಾರ ಮನೆತನ. ಮೈಸೂರು ಸಂಪ್ರದಾಯದ ಚಿತ್ರಗಳನ್ನು ನೋಡಿದವರಿಗೆ ಆ ಕಲೆಯ ಲಕ್ಷಣ ಗೊತ್ತು. ದೇವತೆಗಳ ಮೂರ್ತಿಗಳು, ಕೂದಲೆಳೆಯಷ್ಟು ತೆಳುವಾದ ರೇಖೆ, ಉಬ್ಬು ಲೇಪದ ಮೇಲೆ ಚಿನ್ನದ ರೇಕು, ನಿಶ್ಚಿತವಾದ ಅಳತೆ, ನಿಶ್ಚಿತವಾದ ಬಣ್ಣ. ಅಲ್ಲಿ ಹೊತ್ತಿಗೆ ಸ್ಥಾನವಿಲ್ಲ. ದೇವತೆಯ ಮುಖದ ಮೇಲೆ ಬೆಳಗಿನ ಬಿಸಿಲು ಬಿದ್ದಿದೆಯೋ ಸಂಜೆಯ ಬಿಸಿಲೋ ಎಂದು ಯಾರೂ ಕೇಳುವುದಿಲ್ಲ. ಅದು ಕಾಲಾತೀತವಾದುದನ್ನು ತೋರಿಸುವ ಕಲೆ. ಅಂತಹ ಮನೆಯಲ್ಲಿ ಹುಟ್ಟಿದ ಬಾಲಕನು ಮುಂದೆ ಕಾಲವನ್ನೇ, ಅದರಲ್ಲಿಯೂ ಕ್ಷಣವನ್ನೇ ಬರೆಯುವವನಾದುದು ಸೋಜಿಗವಾಗಿ ಕಾಣಬಹುದು. ಆದರೆ ರೇಖೆಯ ಮೇಲಿನ ಹಿಡಿತ, ಕೈಯ ಸ್ಥಿರತೆ, ಅವಸರವಿಲ್ಲದ ಮನಸ್ಸು ಇವನ್ನು ಕೊಟ್ಟದ್ದು ಆ ಮನೆತನವೇ. ಅವರು ಮುಂದೆ ಆನೆಯ ದಂತದ ತುಣುಕುಗಳ ಮೇಲೆ ಸೂಕ್ಷ್ಮ ಭಾವಚಿತ್ರಗಳನ್ನು ಬರೆದದ್ದೂ ಈ ಸಂಸ್ಕಾರದ ಫಲವೇ.

ಆ ಕಾಲದಲ್ಲಿ ಮೈಸೂರನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಪ್ರತಿಭೆ ಎಲ್ಲಿ ಕಂಡರೂ ಅದನ್ನು ಹುಡುಕಿ ಪೋಷಿಸಿದ ಪ್ರಭುಗಳು ಅವರು. ವೆಂಕಟಪ್ಪನವರಿಗಿಂತ ಎರಡು ವರ್ಷಗಳಷ್ಟೇ ಹಿರಿಯರು. ಅವರ ಆಶ್ರಯ ದೊರೆತು, 1909ರಲ್ಲಿ ವೆಂಕಟಪ್ಪನವರು ಕಲಕತ್ತೆಯ ಸರಕಾರಿ ಕಲಾಶಾಲೆಗೆ ವ್ಯಾಸಂಗಕ್ಕೆಂದು ತೆರಳಿದರು. ಅಲ್ಲಿ ಗುರುಗಳಾಗಿದ್ದವರು ಅವನೀಂದ್ರನಾಥ ಠಾಕೂರರು. ಮುಖ್ಯಸ್ಥರಾಗಿದ್ದವರು ಪರ್ಸಿ ಬ್ರೌನರು. ನಂದಲಾಲ ಬಸು, ಅಸಿತಕುಮಾರ ಹಲ್ದಾರ್, ಕ್ಷಿತೀಂದ್ರನಾಥ ಮಜುಮ್ದಾರ್ ಮೊದಲಾದವರು ಅವರ ಒಡನಾಡಿಗಳು. ಮುಂದೆ ಭಾರತದ ಚಿತ್ರಕಲೆಯ ಇತಿಹಾಸದಲ್ಲಿ ದೊಡ್ಡ ಹೆಸರಾದ ಈ ತರುಣರ ನಡುವೆ ದಕ್ಷಿಣದಿಂದ ಹೋದ ಮೈಸೂರಿನ ತರುಣನೂ ಸರಿಸಮನಾಗಿ ನಿಂತನು.

ಕಲಕತ್ತೆಯಲ್ಲಿ ಅವರು ಕಲಿತುದರಲ್ಲಿ ಮುಖ್ಯವಾದುದು ಬಣ್ಣದ ಒಂದು ಹೊಸ ನಡೆ. ಅದರ ಮೂಲವನ್ನು ಹೇಳಬೇಕಾದರೆ ಜಪಾನಿಗೆ ಹೋಗಬೇಕು. 1903ರಲ್ಲಿ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಎಂಬ ಇಬ್ಬರು ಜಪಾನೀ ಚಿತ್ರಕಾರರು ಕಲಕತ್ತೆಗೆ ಬಂದು ಠಾಕೂರರ ಮನೆಯವರ ಸಹವಾಸದಲ್ಲಿದ್ದರು. ತೈಕಾನರು ಕೆಲಸ ಮಾಡುವಾಗ ನೀರಿನಲ್ಲಿ ಅದ್ದಿದ ಅಗಲವಾದ ಕುಂಚದಿಂದ ಚಿತ್ರವನ್ನು ಆಗಾಗ ತೋಯಿಸುವುದನ್ನು ಅವನೀಂದ್ರನಾಥರು ಕಂಡರು. ಅದನ್ನೇ ಬೆಳೆಸಿ ತಮ್ಮದೇ ಆದ ವಾಶ್ ವಿಧಾನವನ್ನು ರೂಪಿಸಿಕೊಂಡರು. ಆ ವಿಧಾನ ಹೀಗಿದೆ: ಕಾಗದದ ಮೇಲೆ ತೆಳುವಾದ ಜಲವರ್ಣವನ್ನು ಹಾಕಿ ಒಣಗಿಸುವುದು, ಬಳಿಕ ಕಾಗದವನ್ನು ನೀರಿನಿಂದ ತೋಯಿಸಿ ಹೆಚ್ಚಿನ ಬಣ್ಣ ತೊಳೆದುಹೋಗುವಂತೆ ಮಾಡುವುದು, ಕಾಗದದ ಎಳೆಗಳಲ್ಲಿ ಉಳಿದ ಛಾಯೆಯ ಮೇಲೆ ಮತ್ತೊಂದು ತೆಳುವಾದ ಬಣ್ಣವನ್ನು ಹಾಕುವುದು, ಮತ್ತೆ ಒಣಗಿಸಿ ಮತ್ತೆ ತೋಯಿಸುವುದು. ಹೀಗೆ ಹಲವು ಬಾರಿ ನಡೆದಾಗ ಬಣ್ಣವು ಕಾಗದದ ಮೇಲೆ ಕುಳಿತಂತೆ ಕಾಣದೆ ಒಳಗಿನಿಂದ ಹೊಮ್ಮಿದಂತೆ ಕಾಣುತ್ತದೆ. ರೇಖೆಗಳು ಕರಗುತ್ತವೆ, ಒಂದು ವಸ್ತುವಿಗೂ ಇನ್ನೊಂದಕ್ಕೂ ನಡುವಿನ ಗಡಿ ಮಂಜಿನಲ್ಲಿ ಮುಚ್ಚಿದಂತಾಗುತ್ತದೆ.

ಜಲವರ್ಣದ ಇನ್ನೊಂದು ನಿಯಮವನ್ನೂ ಇಲ್ಲಿ ಹೇಳಬೇಕು. ತೈಲವರ್ಣದಲ್ಲಿ ಕಪ್ಪಿನ ಮೇಲೆ ಬಿಳಿಯನ್ನು ಹಚ್ಚಬಹುದು. ಪಾರದರ್ಶಕವಾದ ಜಲವರ್ಣದಲ್ಲಿ ಹಾಗೆ ಮಾಡಲಾಗದು. ಅಲ್ಲಿ ಬಿಳಿಯೆಂದರೆ ಮುಟ್ಟದೆ ಬಿಟ್ಟ ಕಾಗದ. ನೀರಿನ ಮೇಲೆ ಒಂದು ಹೊಳಪನ್ನು ತೋರಿಸಬೇಕಾದರೆ ಚಿತ್ರವನ್ನು ಆರಂಭಿಸುವ ಮುನ್ನವೇ ಆ ಜಾಗವನ್ನು ಮನಸ್ಸಿನಲ್ಲಿ ಗುರುತಿಸಿ ಕೊನೆಯವರೆಗೂ ಕಾಯಬೇಕು. ನಮ್ಮ ಬೀದರದ ಬಿದರಿ ಕೆಲಸವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬಿದರಿಯಲ್ಲಿ ಬೆಳ್ಳಿಯನ್ನು ಕೂಡಿಸಿದ ಮೇಲೆ ಕೋಟೆಯ ಮಣ್ಣೂ ನವಸಾಗರವೂ ಬೆರೆತ ಲೇಪದಿಂದ ಸತುವಿನ ಮೈಯೆಲ್ಲ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಹಾಗೆಯೇ ಉಳಿದು ಬೆಳಗುತ್ತದೆ. ಸುತ್ತಲಿನದು ಮಬ್ಬಾದುದರಿಂದಲೇ ಬೆಳಕಿಗೆ ಬೆಲೆ. ಜಲವರ್ಣದ ಬೆಳಕೂ ಹೀಗೆ ಸುತ್ತಲಿನ ನೆರಳಿನಿಂದ ಹುಟ್ಟುವುದು. ಒಂದು ವ್ಯತ್ಯಾಸವುಂಟು: ಬಿದರಿಯವನ ಬೆಳ್ಳಿ ಗಟ್ಟಿ, ಕಾಗದದ ಬಿಳಿಯ ಮೇಲೆ ಒಂದು ಹನಿ ಬಣ್ಣ ಬಿದ್ದರೆ ಅದು ಮೊದಲಿನಂತಾಗುವುದು ದುಸ್ತರ.

ಈ ಶಿಸ್ತಿನಲ್ಲಿ ವೆಂಕಟಪ್ಪನವರು ಬೇಗನೆ ನುರಿತರು. ಸೋದರಿ ನಿವೇದಿತಾ ಅವರು ಆರಂಭಿಸಿ, 1911ರಲ್ಲಿ ಅವರು ಕಾಲವಾದ ಮೇಲೆ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಗ್ರಂಥವು 1913ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಅದರ ಚಿತ್ರಗಳಲ್ಲಿ ರಾಮಾಯಣದ ಪ್ರಸಂಗಗಳಿಗೆ ವೆಂಕಟಪ್ಪನವರ ಕುಂಚ ದುಡಿದಿದೆ. ಇಪ್ಪತ್ತೇಳರ ಹರೆಯದಲ್ಲಿಯೇ ಅವರ ಚಿತ್ರಗಳು ಹೀಗೆ ಸಮುದ್ರವನ್ನು ದಾಟಿದವು. ಕಲಕತ್ತೆಯಲ್ಲಿಯೇ ನಿಂತಿದ್ದರೆ ಅವರ ಬಾಳು ಬೇರೆಯೇ ಆಗುತ್ತಿತ್ತೇನೋ. ಆದರೆ ಅವರು ವ್ಯಾಸಂಗವನ್ನು ಮುಗಿಸಿಕೊಂಡು ತಮ್ಮ ನಾಡಿಗೆ ಮರಳಿದರು.

ಮರಳಿ ಬಂದವರನ್ನು ಇನ್ನೊಂದು ವಿದ್ಯೆ ಹಿಡಿದುಕೊಂಡಿತು. ಅದು ವೀಣೆ. ಆಗ ಮೈಸೂರಿನಲ್ಲಿ ವೈಣಿಕ ಶಿಖಾಮಣಿ ಶೇಷಣ್ಣನವರಿದ್ದರು. ವೆಂಕಟಪ್ಪನವರು ಅವರಲ್ಲಿ ಶಿಷ್ಯವೃತ್ತಿಯನ್ನು ಕೈಗೊಂಡು, ಕುಂಚವನ್ನೂ ಮರೆಯುವಷ್ಟು ತನ್ಮಯತೆಯಿಂದ ಸಾಧನೆ ಮಾಡಿದರು. ಬಂಧುಮಿತ್ರರಿಗೆ ಇದು ಹುಚ್ಚೆಂದು ತೋರಿರಬಹುದು. ವೆಂಕಟಪ್ಪನವರು ತಮ್ಮ ಈ ವೀಣೆಯ ಹುಚ್ಚನ್ನೇ ವಸ್ತುವಾಗಿ ಮಾಡಿಕೊಂಡು ಒಂದು ಚಿತ್ರವನ್ನೂ ಬರೆದರು. ಚಿತ್ರಕಾರನಿಗೆ ಸಂಗೀತವೇಕೆ ಎಂದು ಕೇಳುವವರಿಗೆ ನಮ್ಮ ಪ್ರಾಚೀನರು ಉತ್ತರವನ್ನು ಕೊಟ್ಟಿದ್ದಾರೆ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರವಿದ್ಯೆಯನ್ನು ಬೋಧಿಸುವ ಮುನಿಯು, ನೃತ್ಯವನ್ನು ತಿಳಿಯದವನಿಗೆ ಚಿತ್ರ ತಿಳಿಯದೆಂದೂ, ವಾದ್ಯವನ್ನೂ ಗೀತವನ್ನೂ ಅರಿಯದವನಿಗೆ ನೃತ್ಯ ತಿಳಿಯದೆಂದೂ ಹೇಳಿ, ಕೊನೆಗೆ ಗಾನದಿಂದಲೇ ಪಾಠವನ್ನು ಆರಂಭಿಸಬೇಕೆನ್ನುತ್ತಾನೆ. ವೆಂಕಟಪ್ಪನವರ ಬಾಳು ಈ ಮಾತಿಗೆ ನಿದರ್ಶನದಂತಿದೆ. ಪ್ರಾತಃಕಾಲದ ಭೂಪಾಳವನ್ನು ಸಂಜೆ ನುಡಿಸಿದರೆ ಸ್ವರಗಳು ಅವೇ ಆದರೂ ಮನಸ್ಸು ಒಪ್ಪುವುದಿಲ್ಲ. ಹೊತ್ತಿಗೊಂದು ಭಾವವುಂಟೆಂಬ ಈ ಅರಿವು ವೀಣೆಯ ತಂತಿಯಿಂದ ಕಿವಿಗೆ, ಕಿವಿಯಿಂದ ಕಣ್ಣಿಗೆ ಇಳಿದಾಗ, ನಿಸರ್ಗವನ್ನು ಬರೆಯುವ ಕೈಗೆ ಅದು ಬಹು ದೊಡ್ಡ ಸಹಾಯ.

ಇಂತಹ ಸಿದ್ಧತೆಯ ಫಲ 1926ರಲ್ಲಿ ಕಾಣಿಸಿಕೊಂಡಿತು. ಆ ವರ್ಷ ವೆಂಕಟಪ್ಪನವರು ಉದಕಮಂಡಲದ ದೃಶ್ಯಗಳನ್ನು ಜಲವರ್ಣದಲ್ಲಿ ಬರೆದರು. ನೀಲಗಿರಿಯ ಆ ಊರು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಸರೋವರ ನಿಸರ್ಗ ನಿರ್ಮಿತವಲ್ಲ. 1820ರ ದಶಕದಲ್ಲಿ ಜಾನ್ ಸುಲಿವನ್ ಎಂಬ ಕಲೆಕ್ಟರರು ತೊರೆಗೆ ಕಟ್ಟೆಯನ್ನು ಹಾಕಿಸಿ ಮಾಡಿಸಿದ್ದು. 1848ರಲ್ಲಿ ಆರಂಭವಾದ ಸಸ್ಯೋದ್ಯಾನವೂ ಹಾಗೆಯೇ ಮನುಷ್ಯನ ಕೈಯಿಂದ ಆದದ್ದು. ಆದರೆ ಗುಡ್ಡದಿಂದ ಇಳಿಯುವ ಮಂಜು, ಗಳಿಗೆಗೊಮ್ಮೆ ಬದಲಾಗುವ ಬೆಳಕು, ಮಳೆ ನಿಂತೊಡನೆ ಬಿರಿಯುವ ಮೋಡ ಇವು ಯಾರ ಅಪ್ಪಣೆಗೂ ಒಳಪಟ್ಟವಲ್ಲ. ನಮ್ಮ ಬಯಲುಸೀಮೆಯಲ್ಲಿ ಬೆಳಕು ಬೆಳಗಿನಿಂದ ಸಂಜೆಯವರೆಗೆ ಒಂದೇ ಹದದಲ್ಲಿ ಸುರಿಯುವ ದಿನಗಳು ಹೆಚ್ಚು. ಅಲ್ಲಿ ಒಂದೇ ಬೆಟ್ಟ ಒಂದು ಗಂಟೆಯಲ್ಲಿ ಹತ್ತು ಬೆಟ್ಟಗಳಾಗುತ್ತದೆ. ಕ್ಷಣವನ್ನು ಬರೆಯುವವನಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ, ಅದಕ್ಕಿಂತ ಕಠಿಣವಾದ ಪರೀಕ್ಷೆಯೂ ಇಲ್ಲ.

ವೆಂಕಟಪ್ಪನವರ ಸಾಧನೆಯ ಸ್ವರೂಪ ಸ್ಪಷ್ಟವಾಗಬೇಕಾದರೆ, ಅದೇ ಸಮಸ್ಯೆಯನ್ನು ಲೋಕದ ಇನ್ನೊಂದು ಮೂಲೆಯಲ್ಲಿ ಎದುರಿಸಿದ ಒಬ್ಬ ಹಿರಿಯರನ್ನು ಇಲ್ಲಿ ನೆನೆಯಬೇಕು. ಫ್ರಾನ್ಸಿನಲ್ಲಿ 1874ರಲ್ಲಿ ಕೆಲವು ತರುಣ ಚಿತ್ರಕಾರರು ಸರಕಾರೀ ಪ್ರದರ್ಶನದಿಂದ ಹೊರಗೆ ತಮ್ಮದೇ ಒಂದು ಪ್ರದರ್ಶನವನ್ನು ನಡೆಸಿದರು. ಅದರಲ್ಲಿ ಕ್ಲೋದ್ ಮೊನೆ ಎಂಬವರ ಸೂರ್ಯೋದಯದ ಚಿತ್ರವೊಂದಿತ್ತು. ಬಂದರಿನ ಮಂಜು, ನೀರಿನ ಮೇಲೆ ಕಿತ್ತಳೆ ಬಣ್ಣದ ಕೆಲವು ಗೀರುಗಳು, ಅಷ್ಟೆ. ಅದರ ಹೆಸರಿನಲ್ಲಿದ್ದ ಇಂಪ್ರೆಷನ್, ಎಂದರೆ ಮನಸ್ಸಿನ ಮೇಲೆ ಮೂಡಿದ ಅಚ್ಚು, ಎಂಬ ಮಾತನ್ನು ಹಿಡಿದುಕೊಂಡು ಒಬ್ಬ ಪತ್ರಿಕಾ ವಿಮರ್ಶಕನು ಹಾಸ್ಯ ಮಾಡಿದನು. ಆ ಹಾಸ್ಯದ ಮಾತೇ ಮುಂದೆ ಆ ಪಂಥಕ್ಕೆ ಹೆಸರಾಯಿತು. ವಸ್ತು ಹೇಗಿದೆಯೆಂದು ಬುದ್ಧಿ ಬಲ್ಲುದನ್ನು ಬರೆಯದೆ, ಆ ಕ್ಷಣದ ಬೆಳಕಿನಲ್ಲಿ ಅದು ಕಣ್ಣಿಗೆ ಹೇಗೆ ಕಂಡಿತೋ ಹಾಗೆ ಬರೆಯಬೇಕೆಂಬುದು ಈ ಪಂಥದವರ ನಿಲುವು.

ಮೊನೆಯವರು 1883ರಲ್ಲಿ ಜಿವೆರ್ನಿ ಎಂಬ ಹಳ್ಳಿಯಲ್ಲಿ ನೆಲಸಿದರು. 1893ರಲ್ಲಿ ಮನೆಯ ಬಳಿಯ ಜೌಗು ನೆಲವನ್ನು ಕೊಂಡು, ಹಳ್ಳದ ನೀರನ್ನು ತಿರುಗಿಸಿ, ತೋಟದೊಳಗೆ ಒಂದು ಕೊಳವನ್ನು ಮಾಡಿಸಹೊರಟಾಗ ಊರವರು ತಕರಾರೆತ್ತಿದರು. ಹೊರನಾಡಿನ ಗಿಡಗಳನ್ನು ನೆಟ್ಟರೆ ನೀರು ಕೆಟ್ಟು ದನಕರುಗಳಿಗೆ ತೊಂದರೆಯಾದೀತೆಂಬುದು ಅವರ ಅಂಜಿಕೆ. ಹಳ್ಳಿಯ ನೀರಿನ ವ್ಯಾಜ್ಯ ಎಲ್ಲ ದೇಶಗಳಲ್ಲಿಯೂ ಒಂದೇ! ಹೇಗೋ ಅಪ್ಪಣೆ ದೊರೆಯಿತು. ಕೊಳದಲ್ಲಿ ನೈದಿಲೆಗಳು ಅರಳಿದವು. ಅದರ ಮೇಲೆ ಜಪಾನೀ ಮಾದರಿಯ ಬಾಗಿದ ಸೇತುವೆ ಬಂದಿತು. ಎಲೆಗಳ ಮೇಲಿನ ಧೂಳನ್ನು ತೊಳೆಯುವುದಕ್ಕೂ ನೀರನ್ನು ನಿರ್ಮಲವಾಗಿಡುವುದಕ್ಕೂ ದೋಣಿಯಲ್ಲಿ ಸಂಚರಿಸುವ ಒಬ್ಬ ಮಾಲಿಯೇ ಇದ್ದನು. ಮುಂದಿನ ಕಾಲು ಶತಮಾನಕ್ಕೂ ಮಿಕ್ಕು ಮೊನೆಯವರು ಮುಖ್ಯವಾಗಿ ಬರೆದದ್ದು ಈ ಒಂದು ಕೊಳವನ್ನೇ. 1909ರಲ್ಲಿ, ನಮ್ಮ ವೆಂಕಟಪ್ಪನವರು ಕಲಕತ್ತೆಯ ಶಾಲೆಯ ಮೆಟ್ಟಿಲನ್ನೇರಿದ ಅದೇ ವರ್ಷ, ಪ್ಯಾರಿಸ್ಸಿನಲ್ಲಿ ಆ ಕೊಳದ 48 ಚಿತ್ರಗಳ ಪ್ರದರ್ಶನ ನಡೆಯಿತು.

ಆ ಚಿತ್ರಗಳ ತಂತ್ರ ಗಮನಾರ್ಹವಾದುದು. ಮೊದಲಿನ ಚಿತ್ರಗಳಲ್ಲಿ ದಂಡೆಯಿತ್ತು, ಸೇತುವೆಯಿತ್ತು. ಬರಬರುತ್ತ ದಂಡೆಯೂ ದಿಗಂತವೂ ಮರೆಯಾಗಿ ನೀರಿನ ಮೇಲ್ಮೈಯೊಂದೇ ಉಳಿಯಿತು. ಆಕಾಶವನ್ನು ಬರೆದಿಲ್ಲ, ಆದರೆ ನೀರಿನೊಳಗೆ ಮೋಡವಿದೆ. ಮರವನ್ನು ಬರೆದಿಲ್ಲ, ಅದರ ನೆರಳು ತಲೆಕೆಳಗಾಗಿ ಇಳಿದಿದೆ. ನೈದಿಲೆಯ ಎಲೆಗಳನ್ನು ಅಡ್ಡಡ್ಡವಾದ ಕುಂಚದೆಳೆತದಿಂದಲೂ, ಪ್ರತಿಬಿಂಬಗಳನ್ನು ಉದ್ದುದ್ದವಾದ ಎಳೆತದಿಂದಲೂ ಬರೆದುದರಿಂದ ನೋಡುವವನ ಕಣ್ಣು ಮೇಲ್ಮೈಯನ್ನೂ ಆಳವನ್ನೂ ಏಕಕಾಲದಲ್ಲಿ ಗ್ರಹಿಸುತ್ತದೆ. ಬಣ್ಣಗಳನ್ನು ಹಲಗೆಯ ಮೇಲೆ ಪೂರ್ಣವಾಗಿ ಕಲಸದೆ ಪಕ್ಕಪಕ್ಕದಲ್ಲಿಟ್ಟು, ದೂರದಿಂದ ನೋಡುವ ಕಣ್ಣಿನಲ್ಲಿಯೇ ಅವು ಬೆರೆಯುವಂತೆ ಮಾಡಿದ್ದಾರೆ. ಕಪ್ಪನ್ನು ಬಹುಮಟ್ಟಿಗೆ ಬಿಟ್ಟು, ನೆರಳನ್ನು ನೀಲಿ ನೇರಿಳೆಗಳಿಂದಲೇ ತೋರಿಸಿದ್ದಾರೆ. ಕ್ಷಣಮಾತ್ರದಲ್ಲಿ ಬರೆದಂತೆ ಕಾಣುವ ಆ ಚಿತ್ರಗಳಲ್ಲಿ ಹಲವು, ವರ್ಷಗಟ್ಟಲೆ ಬಣ್ಣದ ಮೇಲೆ ಬಣ್ಣವನ್ನು ಹಚ್ಚಿ ಸಿದ್ಧವಾದವು. ಕಣ್ಣಿಗೆ ಪೊರೆ ಬಂದು 1923ರಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೂ ಅವರು ಬಿಡಲಿಲ್ಲ. 1926ರ ಡಿಸೆಂಬರ್ 5ರಂದು ಮೊನೆಯವರು ತೀರಿಕೊಂಡರು. ಫ್ರಾನ್ಸ್ ದೇಶಕ್ಕೆ ಅವರು ಒಪ್ಪಿಸಿದ ಕೊಳದ ಮಹಾಚಿತ್ರಗಳು 1927ರ ಮೇ ತಿಂಗಳಿನಿಂದ ಪ್ಯಾರಿಸ್ಸಿನ ಓರಾಂಜೆರಿ ಭವನದಲ್ಲಿ, ಅವಕ್ಕಾಗಿಯೇ ರೂಪಿಸಿದ ಅಂಡಾಕಾರದ ಎರಡು ಕೋಣೆಗಳಲ್ಲಿ, ಸಾರ್ವಜನಿಕರಿಗೆ ದೊರೆತವು.

ಮೊನೆಯವರು ಕಾಲವಾದ ಆ 1926ನೆಯ ವರ್ಷವೇ ವೆಂಕಟಪ್ಪನವರ ಉದಕಮಂಡಲದ ಚಿತ್ರಗಳ ವರ್ಷ. ಅವರಿಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೆ ಜಪಾನಿನ ಕಲೆಯ ಗಾಳಿ ಇಬ್ಬರನ್ನೂ ಸೋಕಿತ್ತು: ಮೊನೆಯವರು ತಮ್ಮ ಮನೆಯ ಗೋಡೆಗಳ ಮೇಲೆ ಜಪಾನೀ ಅಚ್ಚುಚಿತ್ರಗಳನ್ನು ತೂಗುಹಾಕಿದ್ದರು, ವೆಂಕಟಪ್ಪನವರು ಜಪಾನಿನಿಂದ ಬಂದ ವಾಶ್ ವಿಧಾನವನ್ನು ಗುರುಮುಖದಿಂದ ಪಡೆದಿದ್ದರು. ಒಂದೇ ಗುರಿಯತ್ತ ಇಬ್ಬರೂ ಎರಡು ದಾರಿಗಳಿಂದ ನಡೆದರೆಂದು ಹೇಳಬಹುದು. ಮೊನೆಯವರಲ್ಲಿ ಕುಂಚದ ಎಳೆತ ಕಣ್ಣಿಗೆ ಕಾಣಬೇಕು. ಅದರ ಚಲನೆಯೇ ನೀರಿನ ಚಲನೆ. ವೆಂಕಟಪ್ಪನವರಲ್ಲಿ ಕುಂಚದ ಗುರುತೇ ಕಾಣಕೂಡದು. ಕೈ ಮರೆಯಾದಾಗಲೇ ಮಂಜು ಮಂಜಾಗಿ ಉಳಿಯುವುದು. ಅಲ್ಲಿ ಬಣ್ಣ ದಪ್ಪವಾಗುತ್ತ ಹೋಗುತ್ತದೆ. ಇಲ್ಲಿ ತೆಳುವಾಗಿಯೇ ಉಳಿದು ಒಳಗಿನ ಕಾಗದದ ಬೆಳಕನ್ನು ಹೊರಕ್ಕೆ ಬಿಡುತ್ತದೆ. ಅಲ್ಲಿ ತಪ್ಪಿದ ಜಾಗದ ಮೇಲೆ ಮತ್ತೆ ಬಣ್ಣ ಹಚ್ಚಿ ತಿದ್ದಬಹುದು. ಇಲ್ಲಿ ತಿದ್ದುವುದಕ್ಕೆ ಅವಕಾಶ ಅತ್ಯಲ್ಪ.

ಉದಕಮಂಡಲದ ಈ ಮಾಲೆಯಲ್ಲಿಯೂ, 1930ರ ದಶಕದ ಕೊಡೈಕನಾಲಿನ ಚಿತ್ರಗಳಲ್ಲಿಯೂ ಕಾಣುವುದು ನೀರು, ಮಂಜು, ಮೋಡ, ಬೆಟ್ಟದ ಇಳಿಜಾರು, ಸೂರ್ಯೋದಯ, ಬೆಳದಿಂಗಳು ಇಂತಹ ವಸ್ತುಗಳು. ಮನುಷ್ಯನ ಕಥೆ ಅಲ್ಲಿಲ್ಲ. ರಾಮಾಯಣವನ್ನು ಬರೆದ ಕೈ ಇಲ್ಲಿ ಕಥೆಯನ್ನು ಬಿಟ್ಟಿದೆ. ಆದರೂ ಈ ಚಿತ್ರಗಳ ಮುಂದೆ ನಿಂತವನ ಮನಸ್ಸು ಒಂದು ಬಗೆಯ ಮೌನಕ್ಕೆ ಇಳಿಯುತ್ತದೆ. ಇದು ಹೇಗೆ ಸಾಧ್ಯವಾಯಿತು? ನಮ್ಮ ಅಲಂಕಾರ ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಆಲಂಬನ ವಿಭಾವವಾದ ನಾಯಕನಿಲ್ಲ. ಉದ್ದೀಪನ ವಿಭಾವವೆಂದು ಕವಿಗಳು ಹಿನ್ನೆಲೆಯಲ್ಲಿಟ್ಟ ಚಂದ್ರ, ಮೇಘ, ಸರೋವರಗಳೇ ಮುಂದೆ ಬಂದು ನಿಂತಿವೆ. ಭಾವವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ಧ್ವನಿಸುತ್ತದೆ. ಆನಂದವರ್ಧನನು ಕಾವ್ಯದ ಆತ್ಮವೆಂದು ಗುರುತಿಸಿದ ಧ್ವನಿಗೆ ಮಾತಿನಲ್ಲಿ ಎಷ್ಟು ಸ್ಥಾನವೋ ಬಣ್ಣದಲ್ಲಿಯೂ ಅಷ್ಟೇ ಸ್ಥಾನವುಂಟು. ದಡವನ್ನು ಪೂರ್ಣವಾಗಿ ಬರೆಯದೆ ಮಂಜಿನಲ್ಲಿ ಬಿಟ್ಟಾಗ ನೋಡುವವನು ತನ್ನ ಮನಸ್ಸಿನಿಂದ ಅದನ್ನು ತುಂಬಿಕೊಳ್ಳುತ್ತಾನೆ. ಹಾಗೆ ತುಂಬಿಕೊಳ್ಳುವಾಗ ಅವನು ಪ್ರೇಕ್ಷಕನಾಗಿ ಉಳಿಯದೆ ಸಹೃದಯನಾಗುತ್ತಾನೆ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಮಸುಕಾಗಿ ಬರೆದರೆ ಭಾವ ತಾನಾಗಿ ಬರುತ್ತದೆಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. ವೆಂಕಟಪ್ಪನವರ ಮಂಜಿನ ಹಿಂದೆ ಬೆಟ್ಟವಿದೆ. ಬೆಟ್ಟದ ಮೈಕಟ್ಟನ್ನು ಅವರು ಬಲ್ಲರು. ಮರದ ಕೊಂಬೆ ಎಲ್ಲಿ ಕವಲೊಡೆಯುತ್ತದೆಂಬುದನ್ನು ಬಲ್ಲರು. ಬಲ್ಲವನು ಮರೆಮಾಡಿದರೆ ಅದು ಧ್ವನಿ. ಅರಿಯದವನು ಮರೆಮಾಡಿದರೆ ಅದು ಬರಿಯ ಮಬ್ಬು. ದಂತದ ಮೇಲೆ ಸೂಕ್ಷ್ಮಚಿತ್ರವನ್ನು ಬರೆದ ಕೈಯೇ ವಿವರಗಳನ್ನು ಕರಗಿಸಿದುದರಿಂದ ಆ ಕರಗುವಿಕೆಗೆ ಅರ್ಥ ಬಂದಿತು. ಭಾವವೆಂಬುದು ಶಿಸ್ತಿಗೆ ವಿರುದ್ಧವಾದುದಲ್ಲ, ಶಿಸ್ತಿನ ಕೊನೆಯ ಫಲ ಎಂಬುದೇ ವೆಂಕಟಪ್ಪನವರ ಕಲೆಯಿಂದ ನಾವು ಕಲಿಯಬೇಕಾದ ಪಾಠ.

ಅವರ ಬಾಳೂ ಈ ಕಲೆಗೆ ತಕ್ಕಂತೆ ಇತ್ತು. ಅವರು ಆಜನ್ಮ ಬ್ರಹ್ಮಚಾರಿಗಳಾಗಿ ಉಳಿದರು. ಮಿತವಾದ ಊಟ, ಸರಳವಾದ ಉಡುಪು, ನಿಯಮಬದ್ಧವಾದ ದಿನಚರಿ. ಆ ದಿನಚರಿಯನ್ನು ಬರೆದಿಡುವ ಅಭ್ಯಾಸವೂ ಇತ್ತು. ಸಭೆ ಸಮಾರಂಭಗಳಿಗೆ ಹೋಗುವವರಲ್ಲ; ಹೊಗಳಿಕೆಗೆ ಹಿಗ್ಗುವವರೂ ಅಲ್ಲ. ಕಲೆಯ ವಿಷಯದಲ್ಲಿ ಅವರ ಸ್ವಾಭಿಮಾನ ಅಸಾಧಾರಣವಾದುದು. ತಮ್ಮ ನಿಸರ್ಗ ಚಿತ್ರಗಳನ್ನು ಬಿಡಿಬಿಡಿಯಾಗಿ ಮಾರಿ ಹಣ ಮಾಡಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಒಂದು ರಾಗದ ಸ್ವರಗಳನ್ನು ಬೇರೆ ಬೇರೆ ಮನೆಗಳಿಗೆ ಹಂಚಿದರೆ ರಾಗವೆಲ್ಲಿ ಉಳಿಯಿತು? ಬೆಳಗು, ನಡುಹಗಲು, ಸಂಜೆ, ರಾತ್ರಿ ಎಂದು ಹೊತ್ತುಹೊತ್ತಿಗೆ ಬರೆದ ಚಿತ್ರಮಾಲೆ ಒಂದೆಡೆ ಇದ್ದರೆ ಮಾತ್ರ ಅದರ ಅರ್ಥ ಪೂರ್ಣವಾಗುತ್ತದೆ. ಆದರೆ ಮಾರದವನು ಬದುಕುವುದು ಹೇಗೆ? ಆಶ್ರಯವೊಂದೇ ಅದಕ್ಕೆ ಉತ್ತರವಾಗಿತ್ತು.

ಆ ಆಶ್ರಯವನ್ನು ನಾಲ್ವಡಿಯವರು ಕೊಟ್ಟರು. ವೆಂಕಟಪ್ಪನವರು ಚಿತ್ರದೊಡನೆ ಶಿಲ್ಪವನ್ನೂ ಕೈಗೊಂಡು, ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಉಬ್ಬುಶಿಲ್ಪಗಳನ್ನು ರಚಿಸುವುದರಲ್ಲಿ ಪರಿಣತರಾಗಿದ್ದರು. ಅವರನ್ನು ಚಿತ್ರಶಿಲ್ಪಿ ಎಂದು ಕರೆಯುವುದು ಇದಕ್ಕಾಗಿಯೇ. ಮೈಸೂರಿನ ಅರಮನೆಗಾಗಿ ಪೌರಾಣಿಕ ವಸ್ತುಗಳ ಉಬ್ಬುಶಿಲ್ಪಗಳನ್ನು ಮಾಡುವ ಕಾರ್ಯವನ್ನು ಅವರು ಕೈಗೊಂಡರು. ಕೆಲಸ ನಿಧಾನವಾಗಿ, ಅವರ ರೀತಿಯಲ್ಲಿಯೇ ಸಾಗಿತ್ತು. 1940ರ ಆಗಸ್ಟ್ 3ರಂದು ನಾಲ್ವಡಿಯವರು ಕಾಲವಾದರು. ಒಬ್ಬ ಪ್ರಭುವಿನ ಉಸಿರು ನಿಂತೊಡನೆ ಒಬ್ಬ ಕಲಾವಿದನ ಕಾಲಕೆಳಗಿನ ನೆಲವೇ ಸರಿಯಿತು. ಅರಮನೆಯ ಕೆಲಸ ನಿಂತಿತು. ಭಿನ್ನಾಭಿಪ್ರಾಯಗಳು ಬೆಳೆದು ನ್ಯಾಯಾಲಯದ ಮೆಟ್ಟಿಲನ್ನೇರಿದವು. ವರ್ಷಗಳು ವ್ಯಾಜ್ಯದಲ್ಲಿ ಕಳೆದವು. ಯಾರದು ಸರಿ, ಯಾರದು ತಪ್ಪು ಎಂಬ ವಿಚಾರಣೆ ಇಲ್ಲಿ ಅನಾವಶ್ಯಕ. ಆದ ನಷ್ಟವನ್ನಷ್ಟೇ ಹೇಳಬೇಕು: ಐವತ್ತು ದಾಟಿದ, ಕೈಯೂ ಕಣ್ಣೂ ಪಕ್ವವಾಗಿದ್ದ ಕಲಾವಿದನು ಆ ಬಳಿಕ ಕುಂಚವನ್ನು ಹಿಡಿದದ್ದು ಅತ್ಯಲ್ಪ. ಮೊನೆಯವರು ತಮ್ಮ ಕೊಳದ ಮಹಾಚಿತ್ರಗಳನ್ನು ಆರಂಭಿಸಿದ್ದು ಎಪ್ಪತ್ತು ದಾಟಿದ ಮೇಲೆ ಎಂಬುದನ್ನು ನೆನೆದರೆ, ಕನ್ನಡ ನಾಡು ಏನನ್ನು ಕಳೆದುಕೊಂಡಿತೆಂಬುದು ಮನಸ್ಸಿಗೆ ಹತ್ತುತ್ತದೆ.

ಬೆಂಗಳೂರಿನಲ್ಲಿ ಏಕಾಂತವಾಸಿಗಳಾಗಿದ್ದ ವೆಂಕಟಪ್ಪನವರು 1965ರಲ್ಲಿ ಇಹಲೋಕವನ್ನು ತ್ಯಜಿಸಿದರು. ಅವರು ಬದುಕಿರುವಾಗ ನೆರವೇರದ ಕಾರ್ಯ ಅವರ ಬಳಿಕ ನೆರವೇರಿತು. 1970ರ ದಶಕದಲ್ಲಿ ಸರಕಾರದ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ಅವರ ಹೆಸರಿನ ಚಿತ್ರಶಾಲೆ ತೆರೆಯಿತು. ಉದಕಮಂಡಲದ ಮತ್ತು ಕೊಡೈಕನಾಲಿನ ಜಲವರ್ಣಗಳೂ ಉಬ್ಬುಶಿಲ್ಪಗಳೂ ಅಲ್ಲಿ ಒಂದೆಡೆ ಸೇರಿದವು. ಚದುರದೆ ಉಳಿದ ಆ ಮಾಲೆಯೇ ಅವರ ಹಟದ ಸಾರ್ಥಕ್ಯ. ಹಣಕ್ಕಾಗಿ ಅವನ್ನು ಅಂದೇ ಮಾರಿದ್ದರೆ ಇಂದು ಅವು ಶ್ರೀಮಂತರ ಮನೆಗಳ ಗೋಡೆಗಳ ಮೇಲೆ, ಯಾರ ಕಣ್ಣಿಗೂ ಬೀಳದೆ, ಅಲ್ಲೊಂದು ಇಲ್ಲೊಂದಾಗಿ ಉಳಿದಿರುತ್ತಿದ್ದವು.

ಮೇಲಿನ ಕಥನದಲ್ಲಿ ಇಬ್ಬರು ಕಲಾವಿದರಿಗೂ ನೆರವಾದವರನ್ನು ಎಣಿಸಿ ನೋಡೋಣ. ಒಬ್ಬರಿಗೆ ದೋಣಿಯಲ್ಲಿ ಕುಳಿತು ಎಲೆಯ ಧೂಳನ್ನು ತೊಳೆದ ಮಾಲಿಯಿದ್ದನು. ಕೊನೆಗೆ ಚಿತ್ರಗಳಿಗಾಗಿಯೇ ಕೋಣೆಗಳನ್ನು ಕಟ್ಟಿಸಿಕೊಟ್ಟ ದೇಶವಿತ್ತು. ಇನ್ನೊಬ್ಬರಿಗೆ ತೋಯಿಸುವ ಕುಂಚದ ಮರ್ಮವನ್ನು ಕಲಿಸಿದ ಗುರುಗಳಿದ್ದರು, ಹೊತ್ತಿನ ಭಾವವನ್ನು ಕಿವಿಗೆ ತುಂಬಿದ ವೈಣಿಕರಿದ್ದರು, ದೂರದ ಊರಿಗೆ ಕಳುಹಿ ಓದಿಸಿದ ಪ್ರಭುವಿದ್ದನು. ಆ ಪ್ರಭು ಇರುವವರೆಗೆ ಕೈ ನಡೆಯಿತು. ಅವನು ಹೋದಾಗ ನಿಂತಿತು. ಒಬ್ಬನ ಆಯುಷ್ಯವನ್ನು ನಂಬಿದ ಆಶ್ರಯ ಎಷ್ಟೇ ಉದಾರವಾಗಿದ್ದರೂ ಅದಕ್ಕೆ ಒಂದು ಕೊನೆಯುಂಟು. ಹಲವರ ಕಾಣಿಕೆಯಿಂದ, ಒಬ್ಬರ ಬಳಿಕ ಒಬ್ಬರಂತೆ ನಡೆದುಬರುವ ಸಂಸ್ಥೆಯ ಆಶ್ರಯಕ್ಕೆ ಆ ಭಯವಿಲ್ಲ. ವಿದ್ಯಾಸಂಸ್ಥೆಗಳನ್ನು ಬೆಳೆಸುವವರು ತಮ್ಮ ಕಾಣಿಕೆ ಚಿಕ್ಕದೆಂದು ಸಂಕೋಚಪಡಬೇಕಾಗಿಲ್ಲ. ಅದು ಮುಂದುವರಿಯುವಂತೆ ನೋಡಿಕೊಂಡರೆ ಸಾಕು.

ಅಧ್ಯಾಪಕ ಮಿತ್ರರಲ್ಲಿಯೂ ಒಂದು ವಿಜ್ಞಾಪನೆ. ಚಿತ್ರಕಲೆಯ ಗಂಟೆಯನ್ನು ಬಿಡುವಿನ ಗಂಟೆಯೆಂದು ಎಣಿಸದೆ, ವರ್ಷದಲ್ಲಿ ಒಂ­ದೆರಡು ಸಲವಾದರೂ ಮಕ್ಕಳನ್ನು ನೀರಿನ ದಡಕ್ಕೆ ಕರೆದುಕೊಂಡು ಹೋಗಿರಿ. ಬಣ್ಣದ ಪೆಟ್ಟಿಗೆಯನ್ನು ಕೂಡಲೇ ತೆರೆಯಗೊಡಬೇಡಿರಿ. ಮೊದಲು ನೋಡಲಿ: ನೀರಿನಲ್ಲಿ ಎಷ್ಟು ಬಣ್ಣಗಳಿವೆ, ಮೋಡ ಸರಿದಾಗ ಯಾವುದು ಬದಲಾಯಿತು, ದಡದ ಜಾಲಿಯ ಮರ ನೀರಿನೊಳಗೆ ಹೇಗೆ ಕಾಣುತ್ತದೆ. ಭಾತಂಬ್ರಾದ ಬಾಲಕನಿಗೆ ನೀಲಗಿರಿಯ ಮಂಜು ದೊರೆಯದಿರಬಹುದು. ಆದರೆ ಜಂಬಿಟ್ಟಿಗೆಯ ಕೆಂಪು ನೆಲ ಮಳೆನೀರಿಗೆ ಕೊಡುವ ಬಣ್ಣ ನೀಲಗಿರಿಯಲ್ಲಿ ದೊರೆಯದು. ಅರ್ಧ ಗಂಟೆ ನೋಡಿದ ಮೇಲೆ ಕುಂಚವನ್ನು ಹಿಡಿದವನು ನೀಲಿಯ ಡಬ್ಬಿಗೆ ಕೈಹಾಕುವ ಮುನ್ನ ಒಮ್ಮೆ ತಡೆಯುತ್ತಾನೆ. ಆ ತಡೆಯುವಿಕೆಯೇ ಚಿತ್ರವಿದ್ಯೆಯ ಆರಂಭ. ಅದನ್ನು ಕಲಿಸಿದ ಅಧ್ಯಾಪಕನ ಶ್ರಮವೂ, ಆ ಬಣ್ಣದ ಪೆಟ್ಟಿಗೆಯನ್ನು ಒದಗಿಸಿದ ದಾನಿಯ ದ್ರವ್ಯವೂ ವ್ಯರ್ಥವಾಗುವುದಿಲ್ಲ.